ಗೀಜಗದ ಅರೆಗೂಡುಗಳ ವೀಕ್ಷಣೆ: ಅನುಭವಿಗಳ ಸಹಾಯ ಬೇಕು

ಗುಂಪಿನ ಹಿರಿಯರಿಗೆ ನಮಸ್ಕಾರಗಳು. ಗಂಗಾವತಿ ತಾಲ್ಲೂಕಿನ ನಮ್ಮ ಊರಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯಿಂದ ನೀರುಣ್ಣುವ ಭತ್ತದ ಗದ್ದೆಗಳ ನಡುವಿನ ಈಚಲು ಮರವೊಂದರಲ್ಲಿ ಗೀಜಗಗಳು ಗೂಡು ನೇಯುವುದನ್ನು ಮೂರು ವಾರಗಳಿಂದ ದಿನವೂ ಬೆಳಿಗ್ಗೆ ನೋಡಿ ಬರೆದಿಡುತ್ತಿದ್ದೇನೆ. ನೆತ್ತಿ ಹಳದಿಯಾದ ಗಂಡುಗಳು ಭತ್ತದ ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ಹಾರುತ್ತಲೇ ಉದ್ದನೆಯ ಎಳೆಯಾಗಿ ಸೀಳಿ ತರುವ ಚಾತುರ್ಯವನ್ನು ಎಷ್ಟು ನೋಡಿದರೂ ನನಗೆ ತೃಪ್ತಿಯಾಗುವುದಿಲ್ಲ.

ಮರದಲ್ಲಿರುವ 14 ಗೂಡುಗಳಲ್ಲಿ 5 ಗೂಡುಗಳು ಹೆಲ್ಮೆಟ್ಟಿನ ಆಕಾರದಲ್ಲಿಯೇ ನಿಂತುಹೋಗಿವೆ. ಈ ಹಂತದಲ್ಲಿ ಹೆಣ್ಣು ಬಂದು ಗೂಡನ್ನು ಪರೀಕ್ಷಿಸುತ್ತದೆ, ಒಪ್ಪಿದರೆ ಮಾತ್ರ ಗಂಡು ಮೊಟ್ಟೆಯ ಕೋಣೆಯನ್ನೂ ಕೊಳವೆಯಂತಹ ಬಾಗಿಲನ್ನೂ ಪೂರ್ಣಗೊಳಿಸುತ್ತದೆ ಎಂಬುದು ತಿಳಿದಿದೆ. ಆದರೆ ಹೆಣ್ಣು ತಿರಸ್ಕರಿಸಿದ ಗೂಡನ್ನು, ಇನ್ನೂ ಹೆಣ್ಣಿಗಾಗಿ ಕಾಯುತ್ತಿರುವ ಗೂಡಿನಿಂದ ದೂರದಿಂದಲೇ ಗುರುತಿಸುವುದು ಹೇಗೆ? ಎಳೆಗಳು ಹಸಿರು ಬಣ್ಣ ಕಳೆದುಕೊಂಡು ಒಣಗಿರುವುದನ್ನೇ ಗುರುತಾಗಿ ಹಿಡಿಯಬಹುದೇ? ಎರಡು ಅರೆಗೂಡುಗಳ ಒಳಗೋಡೆಗೆ ಹಸಿಮಣ್ಣು ಮೆತ್ತಿರುವುದು ಕಾಣಿಸಿತು; ಅದನ್ನು ಪ್ರತ್ಯೇಕವಾಗಿ ದಾಖಲಿಸಬೇಕೇ?

ಹೆಣ್ಣು ಹಕ್ಕಿಯನ್ನೂ ಇನ್ನೂ ಹಳದಿ ಬಣ್ಣ ಬಾರದ ಎಳೆಯ ಗಂಡನ್ನೂ ಪ್ರತ್ಯೇಕಿಸಲು ನನಗೆ ಸಾಧ್ಯವಾಗುತ್ತಿಲ್ಲ. ಎರಡೂ ಗುಬ್ಬಚ್ಚಿಯ ಹೆಣ್ಣಿನಂತೆಯೇ ತೋರುತ್ತವೆ. ಸದ್ಯ ಸುಮಾರು 30 ಮೀಟರ್ ದೂರದ ಬದುವಿನ ಮೇಲೆ ಕುಳಿತು ಬೈನಾಕ್ಯುಲರ್‌ನಿಂದ ನೋಡುತ್ತಿದ್ದೇನೆ. ಮರಿಗಳಾಗುವ ಸಮಯಕ್ಕೆ ಇನ್ನೂ ಹಿಂದೆ ಸರಿಯಬೇಕೇ ಎಂಬುದನ್ನು, ಗೀಜಗವನ್ನು ಹಲವು ಮಳೆಗಾಲ ಗಮನಿಸಿದವರು ದಯವಿಟ್ಟು ತಿಳಿಸಬೇಕು.