‘ಕಂಪ್ಯಾಕ್ಟ್’ಗೆ ‘ಹಸನು ಮಾಡು’ ಎನ್ನಬಹುದೇ?

ಬಲ್ಲವರಿಗೆಲ್ಲ ಶರಣು. ಇಮೇಲ್ ಪ್ರೋಗ್ರಾಮುಗಳಲ್ಲಿ ‘ಕಂಪ್ಯಾಕ್ಟ್’ ಎಂಬ ಆಜ್ಞೆಯೊಂದಿರುತ್ತದೆ. ಅದನ್ನು ಕನ್ನಡದಲ್ಲಿ ‘ಹಸನು ಮಾಡು’ ಎಂದು ಬರೆದರೆ ನಾಡಿನ ಎಲ್ಲ ಕಡೆಯವರಿಗೂ ಅರ್ಥವಾಗುತ್ತದೆಯೇ ಎಂಬುದು ನನ್ನ ಮುಖ್ಯ ಪ್ರಶ್ನೆ. ಅದರ ಬೆನ್ನಿಗೇ ಇನ್ನೂ ಕೆಲವು ಪದಗಳ ಸಂದೇಹವಿದೆ. ಮನೆಯ ಕಂಪ್ಯೂಟರಿನಲ್ಲಿ ಇಮೇಲ್ ನಿಧಾನವಾದಾಗ ಏನು ಮಾಡಬೇಕೆಂದು ತಿಳಿಸುವ ಸೂಚನಾಪತ್ರವೊಂದನ್ನು ಬರೆಯುತ್ತಿದ್ದೇನೆ. ವಯಸ್ಸಾದವರು ಮಕ್ಕಳಿಗೆ ಫೋನು ಮಾಡದೆ, ತಾವೇ ಓದಿಕೊಂಡು ಸರಿಪಡಿಸಿಕೊಳ್ಳುವಂತೆ ಅದು ಇರಬೇಕೆಂಬುದು ನನ್ನ ಆಸೆ.

ಇದರ ಹಿನ್ನೆಲೆಯನ್ನು ಹೇಳಿದರೆ ಪ್ರಶ್ನೆ ಸ್ಪಷ್ಟವಾದೀತು. ಇಲ್ಲಿ ಕಲಬುರಗಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಅವರದು ನೆಹರೂ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಅಡತಿ, ಅಂದರೆ ದಲ್ಲಾಳಿ ವ್ಯಾಪಾರ. ದಾಲ್ ಮಿಲ್ಲಿನವರು, ಲಾರಿಯವರು, ಹೊರ ರಾಜ್ಯದ ಖರೀದಿದಾರರು ಕಳಿಸುವ ಬಿಲ್ಲು, ತೂಕದ ಚೀಟಿ, ಮಾದರಿ ಕಾಳಿನ ಫೋಟೊ ಎಲ್ಲವೂ ಅವರ ಮನೆಯ ಕಂಪ್ಯೂಟರಿನಲ್ಲಿರುವ ಇಮೇಲ್ ಪ್ರೋಗ್ರಾಮಾದ ಥಂಡರ್‌ಬರ್ಡ್‌ಗೆ ಬಂದು ಇಳಿಯುತ್ತವೆ. ಹೊಸ ತೊಗರಿ ಗಂಜಿಗೆ ಬರುವ ಡಿಸೆಂಬರ್, ಜನವರಿಗಳಲ್ಲಂತೂ ಪತ್ರಗಳಿಗೆ ಬಿಡುವಿಲ್ಲ. ಬರಬರುತ್ತ ಪ್ರೋಗ್ರಾಮು ತೆರೆಯಲು ಒತ್ತಿ, ಚಹಾ ಕುಡಿದು ಬಂದರೂ ಪತ್ರಗಳ ಪಟ್ಟಿ ಮೂಡುತ್ತಿರಲಿಲ್ಲ. ಕಾಕಾ ಬೇಡವಾದ ಪತ್ರಗಳನ್ನು ದಿನವೂ ಅಳಿಸುತ್ತಿದ್ದರು, ಕಸದಬುಟ್ಟಿಯನ್ನೂ ತಪ್ಪದೆ ಖಾಲಿ ಮಾಡುತ್ತಿದ್ದರು. ‘ಎಷ್ಟು ತೆಗೆದುಹಾಕಿದರೂ ಭಾರ ಇಳಿಯುವುದಿಲ್ಲವಲ್ಲ’ ಎಂಬುದು ಅವರ ದೂರು.

ತಪ್ಪು ಪ್ರೋಗ್ರಾಮಿನದಾಗಿರಲಿಲ್ಲ, ಕಾಕಾ ಅವರದೂ ಆಗಿರಲಿಲ್ಲ. ಆಗಾಗ ಪರದೆಯ ಮೇಲೆ ಒಂದು ಚೌಕಟ್ಟು ಮೂಡಿ, ಕಂಪ್ಯಾಕ್ಟ್ ಮಾಡಿ ಜಾಗ ಉಳಿಸಲೇ ಎಂದು ಕೇಳುತ್ತಿತ್ತು. ಅದರ ಅರ್ಥವೇನೆಂದು ಅವರು ಯಾರನ್ನೋ ಕೇಳಿದ್ದಾರೆ. ಒತ್ತಿ ಚಿಕ್ಕದು ಮಾಡುವುದು ಎಂಬ ಉತ್ತರ ಬಂದಿದೆ. ಮೊಬೈಲಿನಲ್ಲಿ ಕಳಿಸಿದ ಫೋಟೊ ಚಿಕ್ಕದಾಗಿ ಮಸುಕಾಗುವುದನ್ನು ನೋಡಿದ್ದ ಕಾಕಾ, ಬಿಲ್ಲಿನ ಅಂಕಿಗಳೂ ಹಾಗೆಯೇ ಮಸುಕಾದರೆ ಗತಿಯೇನು ಎಂದು ಪ್ರತಿಸಲವೂ ‘ಬೇಡ’ ಒತ್ತಿದ್ದಾರೆ. ವ್ಯಾಪಾರಸ್ಥರು ಹಾಗೆ ಹೆದರುವುದು ನ್ಯಾಯವೇ. ಒಂದು ಪದದ ಅರ್ಥ ಅಡ್ಡದಾರಿ ಹಿಡಿದದ್ದರಿಂದ ಕಂಪ್ಯೂಟರು ವರ್ಷಗಟ್ಟಲೆ ಕಸ ಹೊತ್ತುಕೊಂಡು ನಡೆದಿದೆ. ಆದ್ದರಿಂದಲೇ ಈ ಪದದ ಬಗ್ಗೆ ನನಗೆ ಇಷ್ಟು ಹಟ.

ಒಳಗೆ ನಡೆಯುವುದೇನೆಂದು ನೋಡೋಣ. ಥಂಡರ್‌ಬರ್ಡ್ ಸಾಮಾನ್ಯವಾಗಿ ಪತ್ರಗಳನ್ನು ಎಂಬಾಕ್ಸ್ ಎಂಬ, ಹಳೆಯ ಯುನಿಕ್ಸ್ ಕಂಪ್ಯೂಟರುಗಳಿಂದ ಬಂದ ಪದ್ಧತಿಯಲ್ಲಿ ಇಡುತ್ತದೆ. ಇನ್‌ಬಾಕ್ಸ್ ಎಂದು ನಾವು ಕಾಣುವುದು ಡಿಸ್ಕಿನ ಮೇಲೆ ಒಂದೇ ಉದ್ದನೆಯ ಕಡತ (ಫೈಲು). ಅದರಲ್ಲಿ ಪತ್ರಗಳು ಒಂದರ ಕೆಳಗೊಂದು ಸಾಲಾಗಿ ಸೇರುತ್ತ ಹೋಗುತ್ತವೆ; ‘ಫ್ರಮ್’ ಎಂದು ಶುರುವಾಗುವ ಒಂದು ಸಾಲೇ ಎರಡು ಪತ್ರಗಳ ನಡುವಿನ ಗಡಿ. ಒಂದು ಪತ್ರವನ್ನು ಅಳಿಸಿದಾಗ ಅದು ಆ ಕಡತದಿಂದ ಹೋಗುವುದಿಲ್ಲ. ಅದರ ಪ್ರತಿಯೊಂದು ಕಸದಬುಟ್ಟಿಗೆ ಸೇರುತ್ತದೆ. ಮೂಲ ಪತ್ರಕ್ಕೆ ‘ಇದು ಅಳಿದದ್ದು’ ಎಂಬ ಗುರುತು ಬೀಳುತ್ತದೆ, ಪಟ್ಟಿಯಿಂದ ಮರೆಯಾಗುತ್ತದೆ, ಆದರೆ ಇದ್ದಲ್ಲಿಯೇ ಇರುತ್ತದೆ. ಕಸದಬುಟ್ಟಿಯನ್ನು ಖಾಲಿ ಮಾಡಿದರೆ ಹೋಗುವುದು ಆ ಪ್ರತಿ ಮಾತ್ರ. ಪತ್ರವನ್ನು ಬೇರೆ ಕಡತಕೋಶಕ್ಕೆ (ಫೋಲ್ಡರಿಗೆ) ಸರಿಸಿದರೂ ಇದೇ ಕಥೆ. ಲಗತ್ತುಗಳಿದ್ದರಂತೂ ಭಾರ ಇನ್ನೂ ಹೆಚ್ಚು. ಇಮೇಲ್‌ನಲ್ಲಿ ಲಗತ್ತುಗಳು ಬೇಸ್64 ಎಂಬ ಲಿಪಿಗೆ ತಿರುಗಿ ಬರುತ್ತವೆ. ಅದರಲ್ಲಿ 3 ಬೈಟ್ 4 ಅಕ್ಷರವಾಗುತ್ತದೆ. 3 ಎಂಬಿಯ ಕಾಳಿನ ಫೋಟೊ ಇನ್‌ಬಾಕ್ಸಿನಲ್ಲಿ 4 ಎಂಬಿಗಿಂತ ತುಸು ಹೆಚ್ಚೇ ಜಾಗ ತಿನ್ನುತ್ತದೆ.

ಕಂಪ್ಯಾಕ್ಟ್ ಮಾಡಿದಾಗ ಪ್ರೋಗ್ರಾಮು ಈ ಉದ್ದನೆಯ ಕಡತವನ್ನು ಮೊದಲಿನಿಂದ ಓದುತ್ತ ಹೋಗುತ್ತದೆ. ಗುರುತಿಲ್ಲದ ಪತ್ರಗಳನ್ನು ಇದ್ದ ಹಾಗೆಯೇ ಹೊಸ ಕಡತಕ್ಕೆ ಬರೆದುಕೊಳ್ಳುತ್ತದೆ, ಗುರುತು ಬಿದ್ದವನ್ನು ಬಿಟ್ಟುಬಿಡುತ್ತದೆ, ಕೊನೆಗೆ ಹಳೆಯದರ ಜಾಗದಲ್ಲಿ ಹೊಸದನ್ನು ಇಡುತ್ತದೆ. ಉಳಿದ ಪತ್ರಗಳ ಒಂದಕ್ಷರವೂ ಬದಲಾಗುವುದಿಲ್ಲ.

ಹಾಗಾದರೆ ‘ಸಂಕುಚಿಸು’, ‘ಸಾಂದ್ರಗೊಳಿಸು’, ‘ಅಡಕಗೊಳಿಸು’ ಎಂಬ ಪದಗಳು ಇಲ್ಲಿ ಸಲ್ಲುತ್ತವೆಯೇ? ನನ್ನ ಮಟ್ಟಿಗೆ ಸಲ್ಲುವುದಿಲ್ಲ. ಮೂರೂ ವಸ್ತುವಿನ ಗಾತ್ರವನ್ನೇ ಕುಗ್ಗಿಸುವ ಮಾತುಗಳು. ‘ಸಂಕುಚಿಸು’ ಎಂಬುದಂತೂ ಜಿಪ್ ಕಡತಗಳಿಗೆ ಆಗಲೇ ಬಳಕೆಯಾಗಿದೆ, ಅಲ್ಲಿ ಅದು ಸರಿಯಾಗಿಯೂ ಇದೆ. ಇಲ್ಲಿ ಅದೇ ಪದವನ್ನು ತಂದರೆ ಕಾಕಾ ಅವರ ಹೆದರಿಕೆಗೆ ನಾವೇ ಮುದ್ರೆ ಒತ್ತಿದ ಹಾಗೆ. ‘ಅಡಕ’ ನನಗೆ ಪ್ರಿಯವಾದ ಪದ, ಆದರೆ ಅದೂ ತುರುಕಿ ಕೂಡಿಸುವುದನ್ನು ನೆನಪಿಸುತ್ತದೆ.

ನಾನು ಮೇಲಿನದನ್ನೆಲ್ಲ ಕಾಕಾ ಅವರಿಗೆ ವಿವರಿಸಿದಾಗ ಅವರು ಕೇಳಿದ್ದು ಇಷ್ಟೇ: ‘ಅಂದರೆ ಹಸನು ಮಾಡುತ್ತದೆ ಅನ್ನು. ಕಾಳು ಹಾಗೆಯೇ ಇರುತ್ತದೆ, ಕಸ ಹೋಗುತ್ತದೆ. ಇಷ್ಟಕ್ಕೆ ಇಷ್ಟು ದಿನ ಹೆದರಿದೆನೇ?’ ಹಾಗೆಂದು ತಾವೇ ಮೌಸನ್ನು ಹಿಡಿದು ಆಜ್ಞೆ ಕೊಟ್ಟರು.

ನಮ್ಮ ಕಡೆ ಈ ಮಾತು ದಿನಬಳಕೆಯದು. ಕೇರುವುದು ಮೊರದ ಕೆಲಸ, ತೂರುವುದು ಗಾಳಿಯ ಕೆಲಸ, ಕಲ್ಲು ಆರಿಸುವುದು ಕೈಬೆರಳಿನ ಕೆಲಸ. ಇವೆಲ್ಲ ಮುಗಿದು ಕಾಳು ಅಡುಗೆಗೋ ಮಾರಾಟಕ್ಕೋ ಸಿದ್ಧವಾದರೆ ಅದು ಹಸನಾಯಿತು. ಕಳೆ ಕಿತ್ತು, ಹರಗಿ ಬಿತ್ತನೆಗೆ ಅಣಿಯಾದ ಹೊಲವೂ ಹಸನೇ. ಎರಡರಲ್ಲಿಯೂ ಬೇಡವಾದದ್ದು ಹೋಗುತ್ತದೆ, ಬೇಕಾದದ್ದಕ್ಕೆ ಧಕ್ಕೆಯಿಲ್ಲ. ಇನ್ನೊಂದು ಗುಣವೂ ಇದೆ: ಹಸನು ಮಾಡಿದ ಮೇಲೆ ತೂರಿಹೋದ ಹೊಟ್ಟನ್ನು ಯಾರೂ ಮರಳಿ ಹುಡುಕುವುದಿಲ್ಲ. ಕಂಪ್ಯಾಕ್ಟ್ ಆದ ಮೇಲೆಯೂ ಹಾಗೆಯೇ. ಅಳಿಸಿದ ಪತ್ರವನ್ನು ಅದಕ್ಕೆ ಮೊದಲಾದರೆ ಆ ಕಡತದೊಳಗಿಂದ ಹೇಗಾದರೂ ಹೊರತೆಗೆಯಬಹುದು, ನಂತರ ಆಗದು. ಈ ಎಚ್ಚರಿಕೆಯನ್ನೂ ಪದವೇ ಹೊತ್ತು ತರುತ್ತದೆ.

ಮೈಸೂರು ಕಡೆಯ ಬರಹಗಳಲ್ಲಿ ‘ಹಸನಾದ ಬದುಕು’ ಎಂಬಂಥ ಪ್ರಯೋಗ ಕಾಣುತ್ತೇನೆ. ಅಲ್ಲಿ ಅದು ಚೆನ್ನಾದದ್ದು, ನೆಮ್ಮದಿಯದು ಎಂಬ ಗುಣವಾಚಕ. ಕಸ ತೆಗೆಯುವ ಕ್ರಿಯೆಯಾಗಿ ‘ಹಸನು ಮಾಡು’ ಎಂಬುದು ಹಾಸನ, ಮಂಡ್ಯ, ಕರಾವಳಿ ಕಡೆ ಬಾಯಲ್ಲಿ ಇದೆಯೇ? ಪದದ ಹುಟ್ಟಿನ ಚರ್ಚೆ ಇಲ್ಲಿ ಬೇಡ. ಬಳಕೆ ಎಲ್ಲಿಯವರೆಗೆ ಹಬ್ಬಿದೆ ಎಂಬುದಷ್ಟೇ ಬೇಕು. ‘ಸೋಸು’ ಎನ್ನಬಹುದಲ್ಲ ಎಂದು ಒಬ್ಬ ಗೆಳೆಯರು ಹೇಳಿದರು. ನಮ್ಮಲ್ಲಿ ಪಲ್ಯವನ್ನೂ ಸೋಸುತ್ತಾರೆ, ಪದ ಒಳ್ಳೆಯದೇ. ಆದರೆ ಬರುವ ಪತ್ರಗಳನ್ನು ತಾನಾಗಿ ವಿಂಗಡಿಸುವ ‘ಫಿಲ್ಟರ್’ ಅದೇ ಮೆನುಗಳಲ್ಲಿ ಇರುತ್ತದೆ, ‘ಸೋಸು’ ಅದಕ್ಕೇ ಮೀಸಲಾಗುವುದು ವಾಸಿ.

ಈಗ ‘ಡಿಲೀಟ್’. ‘ಅಳಿಸು’ ಎಂದು ಎಲ್ಲ ಕಡೆ ನಿಂತುಬಿಟ್ಟಿದೆ. ಅಳಿಸಿದರೆ ಹಲಗೆಯ ಮೇಲಿನ ಅಕ್ಷರದಂತೆ ಪೂರ್ತಿ ಹೋಯಿತು ಎಂದೇ ನಾವು ತಿಳಿಯುತ್ತೇವೆ. ಇಲ್ಲಿ ನಿಜವಾಗಿ ನಡೆಯುವುದು ಅದಲ್ಲ. ದಾಖಲೆ ಪುಸ್ತಕದಲ್ಲಿ ಅಡ್ಡಗೆರೆ ಎಳೆದು ‘ರದ್ದು’ ಎಂದು ಬರೆದಾಗ ಸಾಲು ಕಣ್ಣೆದುರಿಗೇ ಇರುತ್ತದೆ, ಲೆಕ್ಕಕ್ಕೆ ಮಾತ್ರ ಬರುವುದಿಲ್ಲ. ಡಿಲೀಟ್ ಆದ ಪತ್ರದ ಸ್ಥಿತಿ ತದ್ವತ್ ಅದೇ. ಈ ಎರಡು ಹಂತಗಳ ವ್ಯತ್ಯಾಸ ತಂತ್ರಜ್ಞರಿಗೆ ಹೊಸದೇನಲ್ಲ: ಸರ್ವರಿನಲ್ಲಿರುವ ಪತ್ರಗಳನ್ನು ನೋಡಲು ಬಳಸುವ ಐಮ್ಯಾಪ್ ಪದ್ಧತಿಯ 2003ರ ನಿಯಮಾವಳಿಯಲ್ಲಿಯೂ ಪತ್ರಕ್ಕೆ ‘ಡಿಲೀಟೆಡ್’ ಗುರುತು ಹಾಕುವುದು ಒಂದು ಕ್ರಿಯೆ, ‘ಎಕ್ಸ್‌ಪಂಜ್’ ಆಜ್ಞೆಯಿಂದ ಅದನ್ನು ಕಿತ್ತೊಗೆಯುವುದು ಇನ್ನೊಂದು ಕ್ರಿಯೆ. ಆದರೆ ‘ರದ್ದು’ ಎಂಬುದು ಎಲ್ಲ ಚೌಕಟ್ಟುಗಳಲ್ಲಿ ‘ಕ್ಯಾನ್ಸಲ್’ ಗುಂಡಿಗೆ ಸೇರಿಹೋಗಿದೆ. ಎರಡಕ್ಕೂ ಒಂದೇ ಪದವಿಟ್ಟರೆ ಅನಾಹುತ. ಅದಕ್ಕಾಗಿ ಗುಂಡಿಯ ಮೇಲೆ ‘ಅಳಿಸು’ ಎಂದೇ ಉಳಿಸಿ, ‘ಅಳಿಸಿದ್ದು ಹಸನು ಮಾಡುವವರೆಗೆ ಒಳಗೇ ಇರುತ್ತದೆ’ ಎಂಬ ಒಂದು ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಸೇರಿಸಿದ್ದೇನೆ.

‘ಇಂಡೆಕ್ಸ್’ ಇನ್ನೊಂದು ತೊಡಕು. ಪ್ರತಿ ಕಡತಕೋಶಕ್ಕೂ ಥಂಡರ್‌ಬರ್ಡ್ ಎಂಎಸ್‌ಎಫ್ ಎಂಬ ವಿಸ್ತರಣೆಯ ಪುಟ್ಟ ಕಡತವೊಂದನ್ನು ಇಡುತ್ತದೆ. ಯಾವ ಪತ್ರ ಎಲ್ಲಿದೆ, ಯಾರಿಂದ ಬಂದದ್ದು, ಓದಿದ್ದೋ ಅಲ್ಲವೋ ಎಂಬುದೆಲ್ಲ ಅದರಲ್ಲಿದೆ. ಅದು ಕೆಟ್ಟರೆ ಪತ್ರಗಳು ಕಾಣೆಯಾದಂತೆಯೋ ಒಂದರ ಬದಲು ಇನ್ನೊಂದು ತೆರೆದಂತೆಯೋ ಆಗುತ್ತದೆ, ಹುಡುಕಾಟ ತೆವಳುತ್ತದೆ. ಇದನ್ನು ‘ಸೂಚಿ’ ಅಥವಾ ‘ಸೂಚ್ಯಂಕ’ ಎನ್ನಲೇ? 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ ಮಾನ್ಯತೆ ಸಿಕ್ಕಿತು. ಅಂಥ ಮಾನ್ಯತೆಯನ್ನು ಪತ್ರಿಕೆಗಳು ‘ಭೌಗೋಳಿಕ ಸೂಚಿ’ ಎಂದೂ ‘ಭೌಗೋಳಿಕ ಸೂಚ್ಯಂಕ’ ಎಂದೂ ಬರೆಯುತ್ತವೆ. ಷೇರುಪೇಟೆಯದು ಬೇರೆ ಸೂಚ್ಯಂಕ. ಗಂಜಿನವರಿಗೆ ಈ ಎರಡು ಅರ್ಥಗಳ ಮೇಲೆ ಮೂರನೆಯದನ್ನು ಹೇರುವುದು ಬೇಡ. ‘ಯಾದಿ’ ಎಂದರೆ ಉತ್ತರ ಕರ್ನಾಟಕದಲ್ಲಿ ಯಾರಿಗೂ ವಿವರಣೆ ಬೇಕಿಲ್ಲ. ದಕ್ಷಿಣದವರಿಗೆ ಅದು ಎಷ್ಟು ಪರಿಚಿತ? ಇಲ್ಲವಾದರೆ ‘ಪರಿವಿಡಿ’ ನನ್ನ ಎರಡನೆಯ ಆಯ್ಕೆ.

ಈ ಯಾದಿಯನ್ನು ಹೊಸದಾಗಿ ಬರೆಸುವ ಗುಂಡಿಗೆ ಇಂಗ್ಲಿಷಿನಲ್ಲಿ ‘ರಿಪೇರ್ ಫೋಲ್ಡರ್’ ಎಂದಿದೆ. ಕಡತಕೋಶದ ಗುಣವಿವರಗಳ ಚೌಕಟ್ಟಿನಲ್ಲಿ ಅದು ಸಿಗುತ್ತದೆ. ಇಲ್ಲಿ ‘ದುರಸ್ತಿ’ ಎಂಬ ಪದ ನನಗೆ ತುಂಬ ಹಿಡಿಸಿದೆ. ಕಂದಾಯದ ವ್ಯವಹಾರ ಬಲ್ಲವರಿಗೆ ‘ಪೋಡಿ ದುರಸ್ತಿ’ ಗೊತ್ತು. ಅಲ್ಲಿ ಸರಿಯಾಗುವುದು ದಾಖಲೆ ಮತ್ತು ನಕ್ಷೆ, ಹೊಲದ ಮಣ್ಣನ್ನು ಯಾರೂ ಮುಟ್ಟುವುದಿಲ್ಲ. ಇಲ್ಲಿಯೂ ಪತ್ರಗಳು ಹಾಗೆಯೇ ಇದ್ದು ಅವುಗಳ ಲೆಕ್ಕ ಮಾತ್ರ ಸರಿಯಾಗುತ್ತದೆ. ‘ರಿಪೇರಿ’ ಎಂದರೆ ಪತ್ರಗಳೇ ಮುರಿದಿವೆ ಎಂಬ ಗಾಬರಿ. ಹಾಗಾಗಿ ‘ಯಾದಿ ದುರಸ್ತಿ’ ಎಂದು ಬರೆದಿದ್ದೇನೆ. ಐಮ್ಯಾಪ್ ಖಾತೆಯಾದರೆ ಇದರ ನಂತರ ಸರ್ವರಿನಿಂದ ಪತ್ರಗಳು ಮತ್ತೆ ಇಳಿಯಬೇಕಾಗಬಹುದು ಎಂಬ ಸೂಚನೆಯೂ ಜೊತೆಗಿದೆ.

‘ಕಡತ’ ಮತ್ತು ‘ಕಡತಕೋಶ’ದ ವಿಷಯದಲ್ಲಿ ಒಂದು ಮಾತು. ಹಿಂದೆ ಕಡತವೆಂದರೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದ ಬಟ್ಟೆ. ಬಳಪದಿಂದ ಬರೆದು ಮಡಚಿ ಇಡುತ್ತಿದ್ದರು, ಬೇಡವಾದರೆ ಅಳಿಸಿ ಮತ್ತೆ ಬರೆಯುತ್ತಿದ್ದರು. ಇಂದು ಕಂಪ್ಯೂಟರಿನಲ್ಲಿ ಕಡತವೆಂದರೆ ಫೈಲು, ಕಡತಕೋಶವೆಂದರೆ ಫೋಲ್ಡರು. ಆದರೆ ಎಂಬಾಕ್ಸ್ ಪದ್ಧತಿಯಲ್ಲಿ ಪರದೆಯ ಮೇಲೆ ಕಡತಕೋಶವಾಗಿ ಕಾಣುವುದೇ ಡಿಸ್ಕಿನ ಮೇಲೆ ಒಂದು ಕಡತ! ಇಮೇಲ್‌ನ ಫೋಲ್ಡರಿಗೆ ಮಾತ್ರ ‘ಖಾನೆ’ ಎಂದರೆ ಈ ಗೊಂದಲ ತಪ್ಪುತ್ತದೆ ಎನಿಸುತ್ತದೆ. ಒಪ್ಪದವರು ಕಾರಣ ತಿಳಿಸಿ.

‘ನಿಧಾನ’ ಎಂಬ ಒಂದೇ ಪದವೂ ಸಾಲದು. ಪ್ರೋಗ್ರಾಮು ತೆರೆಯಲು ತಡವಾದರೆ ಸಂದೇಹ ದೊಡ್ಡ ಕಡತಗಳ ಮೇಲೆ ಅಥವಾ ಯಾದಿಯ ಮೇಲೆ. ಪತ್ರ ಬರುವುದೇ ತಡವಾದರೆ ಇಂಟರ್ನೆಟ್ ಸಂಪರ್ಕವನ್ನು ನೋಡಬೇಕು. ಟೈಪು ಮಾಡುವಾಗ ಅಕ್ಷರ ಬೆರಳಿಗಿಂತ ಹಿಂದೆ ಬಿದ್ದರೆ, ಸೇರಿಸಿಕೊಂಡ ಆಡ್-ಆನ್‌ಗಳನ್ನೋ, ಪ್ರತಿ ಕಡತವನ್ನೂ ತಡೆದು ಪರೀಕ್ಷಿಸುವ ಆಂಟಿವೈರಸ್ಸನ್ನೋ ವಿಚಾರಿಸಬೇಕು. ಮೂರಕ್ಕೂ ‘ನಿಧಾನ’ ಎಂದರೆ ಓದುವವರು ತಪ್ಪು ಬಾಗಿಲು ತಟ್ಟುತ್ತಾರೆ. ‘ತೆರೆಯುವುದು ತಡ’, ‘ಬರುವುದು ತಡ’, ‘ಅಕ್ಷರ ತಡ’ ಎಂದು ಮೂರು ತಲೆಬರಹ ಮಾಡಿದ್ದೇನೆ. ಪೂರ್ತಿ ನಿಂತೇಹೋದರೆ ‘ಮರಗಟ್ಟಿದೆ’ ಎಂಬ ಪದ ಹೊಂದುತ್ತದೆ.

ಮತ್ತೆ ಬೇಗ ತೆರೆಯಲೆಂದು ಪ್ರೋಗ್ರಾಮು ತಾತ್ಕಾಲಿಕವಾಗಿ ಕೂಡಿಟ್ಟುಕೊಳ್ಳುವ ಪ್ರತಿಗಳಿಗೆ ಹೇಳುವ ‘ಕ್ಯಾಶ್’ (cache) ಪದವನ್ನು ಮಾತ್ರ ಪೂರ್ತಿ ಕೈಬಿಡೋಣ ಎಂಬುದು ನನ್ನ ಕಳಕಳಿಯ ಕೋರಿಕೆ. ಕನ್ನಡ ಲಿಪಿಯಲ್ಲಿ ಅದಕ್ಕೂ ನಗದಿಗೂ ಒಂದೇ ಕಾಗುಣಿತ. ‘ಕ್ಯಾಶ್ ಖಾಲಿ ಮಾಡಿ’ ಎಂಬ ಸೂಚನೆಯನ್ನು ಅಡತಿ ಅಂಗಡಿಯವರ ಮುಂದಿಡುವುದು ಸರಿಯಲ್ಲ. ವಂಚಕರ ಸಂದೇಶಗಳ ಈ ಕಾಲದಲ್ಲಂತೂ ಖಂಡಿತ ಸಲ್ಲದು. ‘ತಾತ್ಕಾಲಿಕ ಸಂಗ್ರಹ’ ಉದ್ದವಾದರೂ ಇರಲಿ.

‘ಬ್ಯಾಕಪ್’ಗೆ ‘ನಕಲು ತೆಗೆದಿಡಿ’ ಎಂದು ಬರೆದಿದ್ದೇನೆ. ಹಸನು ಮಾಡುವ ಮೊದಲು ಪ್ರೊಫೈಲಿನ, ಅಂದರೆ ಪತ್ರಗಳೂ ಸೆಟ್ಟಿಂಗುಗಳೂ ಇರುವ ಕಡತಕೋಶದ, ನಕಲು ತೆಗೆದಿಡಬೇಕು. ಹೊಸ ಕಡತ ಬರೆಯಲು ಡಿಸ್ಕಿನಲ್ಲಿ ಸಾಕಷ್ಟು ಜಾಗ ಇರಬೇಕು. ಕೆಲಸ ಮುಗಿಯುವ ತನಕ ಕಂಪ್ಯೂಟರನ್ನು ಆರಿಸಬಾರದು. ಕರೆಂಟು ಹೋಗಿಬರುವ ಊರುಗಳಲ್ಲಿ ಈ ಕೊನೆಯ ಮಾತು ಮುಖ್ಯ, ಯುಪಿಎಸ್ ಇಲ್ಲದವರು ಕರೆಂಟು ಹೋಗದಿರುವ ಹೊತ್ತು ನೋಡಿಕೊಂಡು ಕೈಹಾಕಬೇಕು.

ಹಳೆಯ ವರ್ಷಗಳ ಪತ್ರಗಳನ್ನು ಬೇರೆ ತೆಗೆದಿಡುವ ‘ಆರ್ಕೈವ್’ಗೆ ‘ದಫ್ತರ’ ಎನ್ನುವ ವಿಚಾರವೂ ಇದೆ. ಧಾರವಾಡ, ಬೆಳಗಾವಿ ಕಡೆ ದಫ್ತರವೆಂದರೆ ಕಾಗದಪತ್ರಗಳ ಕಟ್ಟು. ನಿಜಾಮರ ಆಡಳಿತ ಕಂಡ ನಮ್ಮ ಕಡೆಯ ಹಿರಿಯರಿಗೆ ಅದು ಉರ್ದುವಿನ ಅರ್ಥದಲ್ಲಿ ಕಚೇರಿಯೇ. ‘2014ರ ಪತ್ರಗಳನ್ನು ದಫ್ತರಕ್ಕೆ ಕಳಿಸಿ’ ಎಂದು ಬರೆದರೆ ಇಲ್ಲಿಯವರು ಯಾವ ಕಚೇರಿಗೆ ಎಂದು ಕೇಳುತ್ತಾರೆ. ಎರಡೂ ಕಡೆ ಸಲ್ಲುವ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.

ಕೊನೆಯದಾಗಿ ರೂಪದ ಪ್ರಶ್ನೆ: ಮೆನುವಿನಲ್ಲಿ ‘ಹಸನು ಮಾಡು’ ಎಂದಿರಲೋ ‘ಹಸನುಗೊಳಿಸು’ ಎಂದಿರಲೋ? ಎರಡನೆಯದು ಒಂದೇ ಪದವಾಗಿ ಇಕ್ಕಟ್ಟಿನ ಜಾಗದಲ್ಲಿ ಕೂರುತ್ತದೆ. ಆದರೆ ಹಾಗೆ ಹೇಳುವವರನ್ನು ನಾನು ಗಂಜಿನಲ್ಲಿಯೂ ಕಂಡಿಲ್ಲ, ಹೊಲದಲ್ಲಿಯೂ ಕಂಡಿಲ್ಲ. ಮೊದಲನೆಯದರ ಕಡೆಗೇ ನನ್ನ ಒಲವು. ಉತ್ತರಿಸುವವರು ತಮ್ಮ ಜಿಲ್ಲೆ, ತಾಲ್ಲೂಕಿನ ಹೆಸರನ್ನೂ, ತಮ್ಮ ಕಡೆ ‘ಹಸನು’ ಯಾವ ಯಾವ ವಸ್ತುಗಳಿಗೆ ಸಲ್ಲುತ್ತದೆ ಎಂಬುದನ್ನೂ ಬರೆದರೆ ಉಪಕಾರ.