ಹ್ಯಾಚರಿ ಮೀನು ಬೇಗ ಪ್ರೌಢವಾಗುವುದು ನಿಜವೋ, ಅಳತೆಯ ಎಡವಟ್ಟೋ?

ಪ್ರಶ್ನೆ: ಅಳಿವಿನಂಚಿನ ಒಂದೇ ಜಾತಿಯ ಹ್ಯಾಚರಿ (ಮರಿ ಮಾಡಿಸಿ ಸಾಕುವ ಕೇಂದ್ರ) ಮೀನನ್ನೂ ಹೊಳೆ ಮೀನನ್ನೂ ಹೋಲಿಸಬೇಕಿದೆ. ಹ್ಯಾಚರಿ ಗಂಡುಗಳ ಹೊಟ್ಟೆ ಮೆಲ್ಲಗೆ ಒತ್ತಿದರೆ ಎರಡನೇ ವರ್ಷಕ್ಕೇ ವೀರ್ಯ ಬರುತ್ತದೆ, ಅಷ್ಟೇ ಉದ್ದದ ಹೊಳೆ ಮೀನಿನಲ್ಲಿ ಇಲ್ಲ. ದಪ್ಪದಲ್ಲೂ ಹ್ಯಾಚರಿಯವೇ ಮುಂದು. ಒಂದನ್ನೂ ಕೊಯ್ಯುವಂತಿಲ್ಲ. ಏನೇನು ಅಳೆಯಲಿ?

ಉತ್ತರ 1: ವಯಸ್ಸನ್ನು ಬರೀ ತಿಂಗಳಲ್ಲಿ ಎಣಿಸಿದರೆ ಹೋಲಿಕೆ ಅಲ್ಲೇ ಕೆಟ್ಟಿತು. ಮೀನು ಬೆಳೆಯುವ ವೇಗ ನೀರಿನ ಬಿಸಿಯನ್ನೂ ಅವಲಂಬಿಸಿದೆ, ಹಾಗಾಗಿ ದಿನದ ಸರಾಸರಿ ನೀರಿನ ಉಷ್ಣತೆ ಕೂಡಿಸುತ್ತ ಹೋಗಿ. 24 ಡಿಗ್ರಿಯ ತೊಟ್ಟಿಯಲ್ಲಿ 100 ದಿನಕ್ಕೆ 2,400 ಆಗುತ್ತದೆ, 18 ಡಿಗ್ರಿಯ ಹೊಳೆಯಲ್ಲಿ 1,800. ಹೊಳೆ ಮೀನು ಅಲ್ಲಿಗೆ ಮುಟ್ಟಲು ಇನ್ನೂ 33 ದಿನ ಬೇಕು. ಯಾವ ಉಷ್ಣತೆಗಿಂತ ಕೆಳಗೆ ಬೆಳವಣಿಗೆ ನಿಲ್ಲುತ್ತದೆಂದು ಗೊತ್ತಿದ್ದರೆ ಅದನ್ನು ದಿನದಿನವೂ ಕಳೆದು ಕೂಡಿಸಿ. ಹೊಳೆ ಮೀನಿನ ವಯಸ್ಸಿಗೆ ಹುರುಪೆಯ ವರ್ಷದ ಉಂಗುರ ನೋಡಿ: ಬೆನ್ನಿನ ಈಜುರೆಕ್ಕೆಗೂ ಪಾರ್ಶ್ವರೇಖೆಗೂ (ಮೈಯ ಪಕ್ಕದುದ್ದಕ್ಕೂ ಕಾಣುವ ಗೆರೆ) ನಡುವಿನಿಂದ ಐದಾರು ಹುರುಪೆ ಸಾಕು. ನಡುಭಾಗ ಮಸುಕಾಗಿ ಉಂಗುರವೇ ಕಾಣದಿದ್ದರೆ ಅದು ಉದುರಿ ಮತ್ತೆ ಹುಟ್ಟಿದ ಹುರುಪೆ, ಬಿಸಾಡಿ.

ಉತ್ತರ 2: ದಪ್ಪದ ಮಾತಿಗೆ ಬಂದರೆ, ಗ್ರಾಂ ತೂಕವನ್ನು 100ರಿಂದ ಗುಣಿಸಿ ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸಿ. 20 ಸೆಂ.ಮೀ. ಮೀನು 96 ಗ್ರಾಂ ಇದ್ದರೆ 1.2, 80 ಗ್ರಾಂ ಇದ್ದರೆ 1.0; ಅಂಕಿ ಹೆಚ್ಚಿದ್ದಷ್ಟೂ ಮೀನು ದಪ್ಪ. ಆದರೆ ತೊಟ್ಟಿಯ ಗೋಡೆಗೆ ಉಜ್ಜಿ, ಒಂದನ್ನೊಂದು ಕಚ್ಚಿ ಹ್ಯಾಚರಿ ಮೀನಿನ ಬಾಲದ ತುದಿ ಸವೆದಿರುತ್ತದೆ. ತುದಿಯವರೆಗೆ ಅಳೆದರೆ ಉದ್ದ ಕಡಿಮೆ ಬಂದು ಮೀನು ಸುಳ್ಳೇ ದಪ್ಪ ಕಾಣುತ್ತದೆ. ಬಾಲದ ಕವಲಿನವರೆಗೇ ಅಳೆಯಿರಿ. ಮೇವು ತುಂಬಿದ ಹೊಟ್ಟೆಯೂ ಮೊಟ್ಟೆಯೂ ಇದೇ ಲೆಕ್ಕದಲ್ಲಿ ಸೇರಿಕೊಳ್ಳುತ್ತವೆ ಅನ್ನುವುದು ನೆನಪಿರಲಿ.

ಉತ್ತರ 3: ಗಂಡು ಬೇಗ ಪ್ರೌಢವಾಗುವುದು ನಿಜವಾಗಿಯೂ ಉಂಟು. ಚಿನೂಕ್ ಸಾಲ್ಮನ್ (ಹೊಳೆಯಲ್ಲಿ ಹುಟ್ಟಿ ಸಮುದ್ರಕ್ಕೆ ಹೋಗಿ ಬೆಳೆಯುವ ಮೀನು) ಹ್ಯಾಚರಿಗಳಲ್ಲಿ ಕೊಬ್ಬಿನ ಮೇವು ತಿಂದು ಬೇಗ ಬೆಳೆದ ಕೆಲವು ಗಂಡುಗಳು ಸಮುದ್ರದ ಮುಖ ನೋಡದೆ ಎರಡೇ ವರ್ಷಕ್ಕೆ ಪ್ರೌಢವಾಗುತ್ತವೆ. ಅವಕ್ಕೆ ‘ಮಿನಿಜ್ಯಾಕ್’ ಎಂದೇ ಹೆಸರು.

ಆದರೂ ವೀರ್ಯ ಬರಲಿಲ್ಲವೆಂದು ಹೊಳೆ ಗಂಡನ್ನು ಮರಿಯೆನ್ನಬೇಡಿ, ಆ ವರ್ಷ ವೀರ್ಯ ಬಿಡುವ ಋತು ಇನ್ನೂ ಬಂದಿರಲಿಕ್ಕಿಲ್ಲ. ರಕ್ತದಲ್ಲಿ 11-ಕೀಟೋಟೆಸ್ಟೋಸ್ಟೆರಾನ್ (ಗಂಡು ಮೀನಿನ ಪ್ರೌಢತೆಯ ಹಾರ್ಮೋನು) ನೋಡಿ. ಹೆಣ್ಣಿಗೆ ಅಲ್ಟ್ರಾಸೌಂಡ್, ಇಲ್ಲವೇ ಸಣ್ಣ ನಳಿಕೆಯಿಂದ ಒಂದಿಷ್ಟು ಮೊಟ್ಟೆ ತೆಗೆದು ವ್ಯಾಸ ಅಳೆಯುವುದು. ಅರ್ಧದಷ್ಟು ಮೀನು ಪ್ರೌಢವಾಗುವ ಉದ್ದವನ್ನು ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ ತೆಗೆಯಿರಿ.

ಪ್ರಶ್ನೆ ಕೇಳಿದವರು: ಹಾಗಾದರೆ ಇದು ಮೇವಿನ ಫಲವೋ, ತಳಿಗುಣವೋ?

ಉತ್ತರ 3: ಈಗಿರುವ ಮೀನುಗಳನ್ನಷ್ಟೇ ಅಳೆದು ಅದನ್ನು ಹೇಳಲಾಗದು. ಹೊಳೆ ಜೋಡಿಯ ಮರಿಗಳನ್ನೂ ಹ್ಯಾಚರಿ ಜೋಡಿಯ ಮರಿಗಳನ್ನೂ ಒಂದೇ ತೊಟ್ಟಿಯಲ್ಲಿ, ಒಂದೇ ಮೇವಿನಲ್ಲಿ ಸಾಕಬೇಕು. ಈಜುರೆಕ್ಕೆಯ ಚೂರನ್ನು 95% ಎಥನಾಲ್‌ನಲ್ಲಿಟ್ಟು ಡಿಎನ್‌ಎಯಿಂದ ತಂದೆತಾಯಿ ಗುರುತಿಸಿ. ಅಲ್ಲೂ ಅಂತರ ಉಳಿದರೆ ಅದು ಬಹುಮಟ್ಟಿಗೆ ತಳಿಯದ್ದು.