ಫ್ಲೋರೈಡ್ ತೆಗೆಯೋ ಯಂತ್ರಕ್ಕೆ ಅನುದಾನ: ಅಂಕ ಯಾವುದಕ್ಕೆ?

ಗದಗ_ಬೋರ್‌ನೀರು:
ಮುಂಡರಗಿ ಕಡೆಯ ಹಳ್ಳಿಗಳ ಬೋರ್ ನೀರಿನಿಂದ ಫ್ಲೋರೈಡ್ ತೆಗೆಯುವ ಹೊಸ ಯಂತ್ರಗಳಿಗೆ ಅನುದಾನ ಕೊಡೋದಿದೆ ಅಂತ ಇಟ್ಟುಕೊಳ್ಳಿ. ರೂಢಿಯ ನಮೂನೆಯಲ್ಲಿ ಅಂಕವೆಲ್ಲ ವಹಿವಾಟು, ಉದ್ಯೋಗ, ಪೇಟೆಂಟ್‌ಗೆ. ಜನರ ಆರೋಗ್ಯಕ್ಕೆ ಅಂಕ ಇಡಬೇಕಾದರೆ ಏನನ್ನು, ಯಾವಾಗ ಅಳೆಯಬೇಕು? ಮಕ್ಕಳ ಹಲ್ಲು ನೋಡಿದರೆ ಸಾಕೇ?

ಧಾರವಾಡ_ಲ್ಯಾಬ್:
ಹಲ್ಲು ಬ್ಯಾಡ್ರಿ. ಫ್ಲೋರೈಡ್ ಹೆಚ್ಚಾಗಿ ಬರೋ ಹಲ್ಲಿನ ಕಲೆ, ಎನಾಮೆಲ್ (ಹಲ್ಲಿನ ಮ್ಯಾಲಿನ ಗಟ್ಟಿ ಪದರ) ಕಟ್ಟೋ ವಯಸ್ಸಿನಾಗ, ಸುಮಾರು 8 ವರ್ಷದೊಳಗ ಆಗೂದು. ಆಮ್ಯಾಲ ಎಷ್ಟ ಚಲೋ ನೀರು ಕುಡದ್ರೂ ಹೋಗೂದಿಲ್ಲ. ಮೂರು ವರ್ಷದ ಯೋಜನಾದಾಗ ಹಲ್ಲು ನೋಡಿ ಅಂಕ ಹಾಕಿದ್ರ ಚಲೋ ಯಂತ್ರಾನೂ ನಪಾಸ.

ಮೂತ್ರದಾಗಿನ ಫ್ಲೋರೈಡ್ ಅಳೀರಿ, ನೀರು ಬದಲಾದ ಕೆಲವ ವಾರದಾಗ ಇಳಿಯಾಕ ಹತ್ತತದ. ಯಂತ್ರ ಕೂಡ್ರಿಸೂ ಮೊದಲ ಒಮ್ಮೆ, ಆಮ್ಯಾಲ 3 ಮತ್ತು 12ನೇ ತಿಂಗಳಿಗೆ, ಅವೇ ಮನಿಯೊಳಗ. ಯಂತ್ರ ಇಲ್ಲದ ಬಾಜೂ ಊರಾಗೂ ಅಳೀರಿ, ಇಲ್ಲಂದ್ರ ಮಳಿಗಾಲದಾಗ ತಾನ ಇಳಿದದ್ದನ್ನ ಯಂತ್ರದ ಖಾತೆಗೆ ಬರಕೋತೀರಿ.

ನೀರಿನ ಮಾದರಿ ಯಂತ್ರದ ನಳದಿಂದ ಅಲ್ಲ, ಅಡಿಗಿಮನಿ ಕೊಡದಿಂದ ತಗೋರಿ. ಟಿಡಿಎಸ್ ಮೀಟರ್ ನೀರಿನಾಗ ಕರಗಿದ್ದನ್ನೆಲ್ಲ ಒಟ್ಟಿಗೆ ತೋರಸ್ತದ, ಅದಕ್ಕ ಫ್ಲೋರೈಡ್ ಬ್ಯಾರೆ ಮಾಡಿ ತೋರ್ಸಾಕ ಬರೂದಿಲ್ಲ, ಫ್ಲೋರೈಡ್ ಎಲೆಕ್ಟ್ರೋಡ್ ಬೇಕು. ಕುಡಿಯೂ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಫ್ಲೋರೈಡಿನ ಮಿತಿ ಲೀಟರಿಗೆ 1 ಮಿಗ್ರಾಂ, ಬ್ಯಾರೆ ನೀರಿಲ್ಲದ ಕಡೆ 1.5.

ಹುಬ್ಬಳ್ಳಿ_ಫಿಟ್ಟರ್:
ಅಡಿಗೆಮನೆ ಅಂದದ್ದು ಸರಿ. 20 ಲೀಟರ್ ಕ್ಯಾನ್ ಕುಡಿಯೋಕೆ ಹೋಗುತ್ತೆ. ಬೇಳೆ, ಚಹಾ, ರೊಟ್ಟಿಗೆ ಬೋರ್ ನೀರೇ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಬತ್ತಿ ಇನ್ನೂ ಹೆಚ್ಚಾಗುತ್ತೆ. ಐದು ಜನರ ಮನೆಗೆ ಎಲ್ಲ ಸೇರಿ 35–40 ಲೀಟರ್ ಹಿಡಿಯಿರಿ. ಫ್ಲೋರೈಡ್ ಹಿಡಿದಿಡುವ ಅಲ್ಯುಮಿನಾ ಫಿಲ್ಟರ್ ತುಂಬಿದ ಮೇಲೂ ನೀರು ಸಲೀಸಾಗಿ ಬರುತ್ತೆ, ಬಣ್ಣ ರುಚಿ ಅದೇ, ಫ್ಲೋರೈಡ್ ಮಾತ್ರ ಹಾಗೇ ದಾಟುತ್ತೆ. ಆರ್‌ಒ ಹೊರಹಾಕುವ ನೀರಲ್ಲಿ ಅದು ಇನ್ನೂ ದಟ್ಟ. ಎಲ್ಲಿಗೆ ಬಿಡ್ತಾರೆ ಅನ್ನೋದನ್ನು ಅರ್ಜಿಯಲ್ಲೇ ಬರೆಸಿ.

30% ಹಣ ತಡೆದಿಟ್ಟು 12ನೇ ತಿಂಗಳ ಅಳತೆ ಬಂದ ಮೇಲೆ ಕೊಡಿ. ಉದ್ಘಾಟನೆಗೇ ಪೂರ್ತಿ ಕೊಟ್ಟರೆ ಆರ್‌ಒ ಯಂತ್ರದ ಸೋಸುವ ಪೊರೆ (ಮೆಂಬ್ರೇನ್) ಕಟ್ಟಿಕೊಂಡ ದಿನ ಯಾರೂ ಬರಲ್ಲ.

ಗದಗ_ಬೋರ್‌ನೀರು:
ಹಾಗಾದರೆ ಉದ್ಯೋಗಕ್ಕೆ ಅಂಕ ಬೇಡವೇ? ಇಲ್ಲಿ ಅದೂ ಬೇಕಲ್ಲ.

ಧಾರವಾಡ_ಲೆಕ್ಕ:
ಇರಲಿ, ಆದರೆ ಆರೋಗ್ಯದ ಅಂಕಕ್ಕೆ ಕೂಡಿಸಬೇಡಿ. ಕೂಡಿಸಿದರೆ ಹತ್ತು ಜನಕ್ಕೆ ಕೆಲಸ ಕೊಟ್ಟ ಯಂತ್ರ ಲೀಟರಿಗೆ 3 ಮಿಗ್ರಾಂ ಫ್ಲೋರೈಡ್ ಇರುವ ನೀರು ಕೊಟ್ಟೂ ಪಾಸಾಗುತ್ತದೆ. ಜನರ ನೆಮ್ಮದಿ ಅಳೆಯುವ ಭೂತಾನದ ‘ಒಟ್ಟು ರಾಷ್ಟ್ರೀಯ ಸಂತೋಷ’ ಸೂಚ್ಯಂಕದ 33 ಸೂಚಕಗಳಲ್ಲಿ ಒಂದೊಂದಕ್ಕೂ ‘ಇಷ್ಟಿದ್ದರೆ ಸಾಕು’ ಎಂಬ ಮಟ್ಟವಿದೆ, ಒಂದರಲ್ಲಿ ಅದನ್ನು ಮೀರಿದ್ದು ಇನ್ನೊಂದರ ಕೊರತೆಯನ್ನು ತುಂಬುವುದಿಲ್ಲ. ಅದನ್ನೇ ಇಲ್ಲಿ ಹಿಡಿಯಿರಿ: ಕೊಡದ ನೀರು 1.5 ದಾಟಿದರೆ ಅರ್ಜಿ ಅಲ್ಲಿಗೇ ನಿಲ್ಲಲಿ. ದಾಟದವುಗಳ ನಡುವೆ ಉದ್ಯೋಗ ನೋಡಿ. ವಹಿವಾಟನ್ನಂತೂ ತೆಗೆಯಿರಿ. ಕ್ಯಾನ್ ಮಾರಾಟ, ಇನ್ನೂ ಆಳದ ಬೋರ್, ಫ್ಲೋರೈಡಿನಿಂದ ಬರುವ ಮೊಣಕಾಲು ನೋವಿನ ಗುಳಿಗೆ ಎಲ್ಲವೂ ವಹಿವಾಟೇ. ಆ ಜಾಗದಲ್ಲಿ ಹೆಣ್ಣುಮಕ್ಕಳು ನೀರು ತರಲು ಕಳೆಯುವ ನಿಮಿಷ ಬರೆಸಿ, ಸರದಿಯಲ್ಲಿ ನಿಂತದ್ದೂ ಸೇರಿಸಿ.